ದತ್ತು ತಗೊಂಡ ಪ್ಯಾಕೇಜು

ನನ್ನ ತಮ್ಮ ಎಂ.ಎಸ್ಸಿ. ಓದಿದ ಹಮಾಲ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ; ನಾನಂತೂ ನಕ್ಕು ಮುಗಿಸಿ ಈಗ ಹಣೆ ಚಚ್ಚಿಕೊಳ್ಳುತ್ತಿದ್ದೇನೆ! ಎಲ್ಲೋ ಯಾರೋ ಪುಣ್ಯಾತ್ಮರು ಸಾಫ್ಟ್‌ವೇರ್ ಬರೆದು ಜಗತ್ತಿಗೆಲ್ಲ ಪುಕ್ಕಟೆ ಹಂಚುತ್ತಾರೆ. ಅದು ಎಲ್ಲರ ಕಂಪ್ಯೂಟರಿನಲ್ಲೂ ಸರಿಯಾಗಿ ಕೂರುವಂತೆ ಗಂಟು ಕಟ್ಟಿಕೊಡುವವನು ದೇವದುರ್ಗದ ಬಾಡಿಗೆ ಮನೆಯಲ್ಲಿ ಕೂತ ಇವನು. ಇದಕ್ಕೆ ಪ್ಯಾಕೇಜಿಂಗ್ ಅಂತಾರಂತೆ. ಇದೂ ಪುಕ್ಕಟೆಯೇ! ಕೆಟ್ಟರೆ ಬೈಗುಳ ಮಾತ್ರ ಇವನ ಪಾಲಿಗೆ.

ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸೋದರಮಾವ ಒಮ್ಮೆ ಮರುಗಿ, "ಪ್ಯಾಕಿಂಗ್ ಮಾಡ್ತೀಯಂತಲ್ಲೋ? ನಮ್ಮ ಗಿರಣಿಗೆ ಬಾ. ಚೀಲ ಹೊಲಿಯಾಕ ಮಂದಿ ಸಿಗವಲ್ರು" ಎಂದ. ನಾಚಿಕೆಯಾಗಬೇಕಲ್ಲ? ಇವನು ಗಂಭೀರವಾಗಿ, "ಎಷ್ಟನೇ ವರ್ಷನ್ ಅಕ್ಕಿ ಅಂತ ಚೀಲದ ಮ್ಯಾಲ ಬರಸ್ತೀರೇನ್ರಿ ಮಾವಾ?" ಎಂದು ಕೇಳಿದ. ಮಾವ ಆಮೇಲೆ ಕರೆಯಲಿಲ್ಲ.

ನಗು ಇಲ್ಲಿಗೆ ಸಾಕು. ತಮ್ಮನಿಗೆ ಮಕ್ಕಳಾಗಲಿಲ್ಲ. ದತ್ತು ತೆಗೆದುಕೊಳ್ಳುತ್ತೇವೆ ಎಂದಾಗ ಕುರ್ಡಿಯಲ್ಲಿರುವ ನಮ್ಮವ್ವ, "ಯಾರ ರಕ್ತನೋ ಏನೋ, ನಮ್ಮ ಮನಿಗೆ ಬ್ಯಾಡ" ಎಂದು ಊಟ ಬಿಟ್ಟು ಕೂತಳು. ಅಂದಿನಿಂದ ಇವನು ಕಂಪ್ಯೂಟರಿಗೆ ಮುಖ ಕೊಟ್ಟ, ಇವನ ಹೆಂಡತಿ ಗೋಡೆಗೆ. ಆ ಮನೆಗೆ ಹೋಗಲು ನನಗೆ ಕಾಲೇ ಏಳುತ್ತಿರಲಿಲ್ಲ.

ಹೋದ ಚಳಿಗಾಲ ಅವ್ವ ದೇವದುರ್ಗಕ್ಕೆ ಹೋಗಿದ್ದಾಗ ಇವನು ಗೆಳೆಯನಿಗೆ ಫೋನಿನಲ್ಲಿ, "ಪಾಪ, ಅನಾಥ ಆಗ್ಯದ. ಯಾರೂ ನೋಡವಲ್ರು. ನಾನ ದತ್ತು ತಗೋತೀನಿ" ಎನ್ನುತ್ತಿದ್ದ. ನೋಡಿಕೊಳ್ಳುವವನು ಕೈಬಿಟ್ಟ ಪ್ಯಾಕೇಜಿಗೆ ಈ ಮಂದಿ ಅನಾಥ ಎನ್ನುತ್ತಾರೆ, ಇನ್ನೊಬ್ಬ ವಹಿಸಿಕೊಂಡರೆ ದತ್ತು ಎನ್ನುತ್ತಾರೆ ಎಂದು ಅವ್ವನಿಗೇನು ಗೊತ್ತು? ಅಂದೇ ಬಸ್ಸು ಹತ್ತಿ ಊರಿಗೆ ಹೋದಳು.

ತಿಂಗಳಾದ ಮೇಲೆ, "ನಾನು ದೇವದುರ್ಗಕ್ಕ ಹೊಂಟೀನಿ, ನೀನೂ ಬಾ" ಎಂದು ಅವ್ವನ ಫೋನು. ಜಗಳವೇ ಆದೀತೆಂದು ಬಿಡಿಸಲು ರಾಯಚೂರಿನಿಂದ ಓಡಿದೆ. ಅವ್ವ ಕಂಕುಳಲ್ಲಿ ತನ್ನ ಹಳೇ ಸೀರೆಗಳಿಂದ ಹೊಲಿದ ಕೌದಿ ಇಟ್ಟುಕೊಂಡು ಬಂದಳು.

"ಎಲ್ಲ್ಯದ ಕೂಸು?" ಎನ್ನುತ್ತ ಕೌದಿ ಬಿಚ್ಚಿದಳು.

ನನ್ನ ತಮ್ಮನಿಗೆ ಬುದ್ಧಿ ಬೇಡವೇ? ಲ್ಯಾಪ್‌ಟಾಪ್ ತಿರುಗಿಸಿ, "ಇದ ನೋಡ ಯವ್ವಾ" ಎಂದ!

ಅವ್ವ ಪರದೆಯನ್ನೇ ನೋಡಿದಳು. "ಹಂಗಾದ್ರ ಕೂಸಿಲ್ಲೇನು?" ಎಂದು ಕೌದಿ ಮಡಚತೊಡಗಿದಳು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ತಮ್ಮನ ಹೆಂಡತಿ ಅಡುಗೆಮನೆಯಿಂದ ಬಂದು ಕೌದಿಯ ತುದಿ ಹಿಡಿದಳು.

"ಅತ್ತಿ, ದತ್ತು ತಗೊಂಡ್ರ ನಿಮಗ ನಡೀತದೇನ್ರಿ?"

ಅವ್ವ ಕೌದಿಯನ್ನು ಅವಳ ಉಡಿಯಲ್ಲಿ ಹಾಕಿದಳು.

"ಎಷ್ಟು ದೊಡ್ಡ ಕೂಸು ಬರ್ತದೋ ಗೊತ್ತಿರಲಿಲ್ಲ ನನ್ನವ್ವ. ಅದಕ್ಕ ಉದ್ದಾಗೇ ಹೊಲದೀನಿ."