ಹಕ್ಕಿ ಪುಸ್ತಕಕ್ಕೆ ಅರಿಶಿನ

ತನ್ನ ವಾಚನಾಲಯದಲ್ಲಿ ಒಂದೇ ಒಂದು ಹಾಳೆ ಕೆಟ್ಟಿದ್ದರೂ ಮೀಸೆ ಬೋಳಿಸುತ್ತೇನೆಂದು ಶಿವಲಿಂಗಪ್ಪ ಮಿರಜದ ಅರ್ಧ ಬಜಾರಿಗೆ ಸಾರಿದ್ದ. ಸಾರದೆ ಏನು ಮಾಡುತ್ತಾನೆ! ಸಾಂಗ್ಲಿಯ ವಾಚನಾಲಯವನ್ನೂ ಮಿರಜದ್ದನ್ನೂ ಟ್ರಸ್ಟಿನವರು ಒಂದು ಮಾಡುವವರಿದ್ದರು. ಗ್ರಂಥಪಾಲರು ಇಬ್ಬರು, ಕುರ್ಚಿ ಒಂದೇ. ಪುಸ್ತಕಗಳ ತಪಾಸಣೆಯಲ್ಲಿ ಸೋತವನಿಗೆ ಕುಪವಾಡದ ಗೋದಾಮಿನಲ್ಲಿ ರದ್ದಿ ಕಾಯುವ ಕೆಲಸ.

ತಪಾಸಣೆಯ ಹಿಂದಿನ ದಿನವೇ ಕೃಷ್ಣಾ ದಂಡೆಯ ಹಕ್ಕಿಗಳ ದೊಡ್ಡ ಪುಸ್ತಕ ಕೈಕೊಟ್ಟಿತು. ಎತ್ತಿದರೆ ಚಿತ್ರದ ಹಾಳೆಗಳು ಒಂದೊಂದಾಗಿ ಉದುರಿದವು. ಮನೆಗೆ ತಂದು ಮೈದಾ ಅಂಟು ಕಾಸಿದ. ಹುಳ ಹತ್ತದಿರಲೆಂದು ಬೈಂಡಿಂಗಿನವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅರಿಶಿನದ ಪೇಟೆ ಪಕ್ಕದಲ್ಲಿರುವಾಗ ಮೈಲುತುತ್ತ ಯಾಕೆಂದು ಈ ಮಹಾನುಭಾವ ಹಿಡಿಗಟ್ಟಲೆ ಅರಿಶಿನ ಸುರಿದ. ಹೆಂಡತಿ ಗಿರಿಜಾಬಾಯಿ ಬೇಡವೆಂದಳು. ಅಡುಗೆ ನಿನ್ನದು, ಗ್ರಂಥ ನನ್ನದು ಎಂದು ಅವಳ ಬಾಯಿ ಮುಚ್ಚಿಸಿದ.

ಅಂಟು ಅಂಚು ದಾಟಿ ಹರಿಯಿತು. ಹಕ್ಕಿಗಳಿಗೆಲ್ಲ ಮದುವೆಯ ಅರಿಶಿನ ಹಚ್ಚಿದಂತಾಯಿತು. ಗಾಬರಿಬಿದ್ದು ಸಾಬೂನು ನೀರಿನಿಂದ ಒರೆಸಿದ. ಅರಿಶಿನಕ್ಕೆ ಸಾಬೂನು ತಾಗಿದರೆ ಏನಾಗುತ್ತದೆಂದು ಬಟ್ಟೆ ಒಗೆಯುವವರಿಗೆ ಗೊತ್ತು, ಇವನಿಗೆಲ್ಲಿಂದ ಗೊತ್ತಿರಬೇಕು? ಹಳದಿಯೆಲ್ಲ ಕೆಂಪಾಯಿತು.

“ಕುಪವಾಡಕ್ಕ ಬುತ್ತಿ ಕಟ್ಟಲ್ಯಾ?” ಎಂದಳು ಗಿರಿಜಾಬಾಯಿ. ಅಂದರೂ ಕೈಬಿಡಲಿಲ್ಲ. ಹಾಳೆ ಹಾಳೆಯ ನಡುವೆ ಹಳೆಯ ಸೀರೆ ಇಟ್ಟು, ಇಸ್ತ್ರಿ ತಿಕ್ಕಿ ಒಣಗಿಸಿ, ಮರುದಿನ ತಾನೇ ವಾಚನಾಲಯಕ್ಕೆ ತಂದುಕೊಟ್ಟಳು.

ತಪಾಸಣೆಗೆ ಬಂದವರು ಟ್ರಸ್ಟಿನ ಅಧ್ಯಕ್ಷೆ ಸುನಂದಾಬಾಯಿ. ಎರಡೂ ಕಡೆ ಇರುವ ಪುಸ್ತಕಗಳನ್ನು ಜೋಡಿಯಾಗಿ ಹೋಲಿಸುತ್ತಿದ್ದರು. ಅವರು ತಂದಿದ್ದ ಹಕ್ಕಿ ಪುಸ್ತಕದ ಸಾಂಗ್ಲಿಯ ಪ್ರತಿ ಮೊನ್ನೆ ಅಚ್ಚಾದಂತೆ ಥಳಥಳಿಸುತ್ತಿತ್ತು. ಶಿವಲಿಂಗಪ್ಪ ತನ್ನ ಪ್ರತಿಯನ್ನು ಮೆಲ್ಲಗೆ ಮುಂದೆ ತಳ್ಳಿದ.

“ಸಾಂಗ್ಲೀದು ಅಚ್ಚಿನ್ಯಾಗ ಕೂಡಿ ಬಂದ ಹಾಳಿ ಸುದ್ದಾ ಕತ್ತರಿಸಿಲ್ಲ. ಇಪ್ಪತ್ತು ವರ್ಷ ಯಾರೂ ತೆರದಿಲ್ಲ ಇದನ್ನ,” ಎಂದರು ಸುನಂದಾಬಾಯಿ. “ನಿಮ್ಮದು ನೋಡ್ರಿ, ಓದಿ ಓದಿ ಬಣ್ಣಾನೂ ತಿರಗೇದ. ಕುರ್ಚಿ ನಿಮಗ ಇರಲಿ.”

ಸಹಿ ಬಿತ್ತು. ಶಿವಲಿಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕುಣಿಯಬೇಕೆನಿಸುವಷ್ಟು ಸಂತೋಷ. ಕುಣಿದಿದ್ದರೂ ಚಿಂತೆಯಿರಲಿಲ್ಲ, ಬಾಯಿಬಿಟ್ಟ. ಇಡೀ ಪುಸ್ತಕ ತನಗೆ ಬಾಯಿಪಾಠ ಎಂದ. ಹಾಗಾದರೆ ಈ ಕೆಂಪು ಹಕ್ಕಿ ಯಾವುದೆಂದು ಸುನಂದಾಬಾಯಿ ಒಂದು ಚಿತ್ರದ ಮೇಲೆ ಬೆರಳಿಟ್ಟರು.

“ರಾಜಹಂಸ ರೀ, ಬಾಯಿಯವರ,” ಎಂದ ಠೀವಿಯಿಂದ.

ಬಾಗಿಲ ಬಳಿ ನಿಂತಿದ್ದ ಗಿರಿಜಾಬಾಯಿಗೆ ತಡೆಯಲಾಗಲಿಲ್ಲ.

“ಬೆಳ್ಳಕ್ಕಿ ರೀ ಅದು. ಕೆಳಗ ಹೆಸರ ಬರದಾರ, ಒಮ್ಮಿ ಓದ್ರಿ.”