ಅಪಾಯದ ಕಮಿಟಿಯಲ್ಲಿ ನಮ್ಮ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ದೇವರು ಎರಡು ಕಣ್ಣು ಕೊಟ್ಟಿದ್ದೇ ತಪ್ಪು! ಒಂದೇ ಕೊಟ್ಟಿದ್ದರೆ ಅನುಮಾನವೂ ಅರ್ಧವಾಗಿ, ತಮಿಳುನಾಡಿನ ನಮ್ಮ ಓಮಲೂರು ಹೇಗೋ ತಡೆದುಕೊಳ್ಳುತ್ತಿತ್ತು. ಆಯಸ್ಸೆಲ್ಲ ಸೇಲಂ ರೋಡಿನ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದವರು. ಟಿಕೆಟ್ ತೆಗೆಯದವನು ಯಾವನು, ಜೇಬಿಗೆ ಕೈ ಹಾಕುವವನು ಯಾವನು ಎಂದು ನೋಡಿ ನೋಡಿ ಮನುಷ್ಯರ ಮುಖವನ್ನು ಬೇರೆ ರೀತಿ ನೋಡಲು ಅವರಿಗೆ ಬರುವುದೇ ಇಲ್ಲ. ರಿಟೈರಾದ ಮೇಲೂ ಕೊರಳಲ್ಲಿ ವಿಸಿಲ್. ಮನೆಗೆ ನೆಂಟರು ಬಂದರೆ "ಬಸ್ ಎಲ್ಲಿ ಅತ್ತಿದ್ರಿ?" ಎಂದೇ ಮೊದಲ ಮಾತು. ಮದುವೆ ಊಟಕ್ಕೆ ಹೋದರೆ ಬಾಗಿಲಲ್ಲಿ ನಿಂತು "ಒಳಕ್ ಓಗಿ, ಒಳಕ್ ಓಗಿ" ಎಂದು ಬೀಗರನ್ನೇ ನೂಕುತ್ತಾರೆ!

ಇಂಥವರನ್ನು ಶಾಲೆಯ ಸುರಕ್ಷತೆಯ ಕಮಿಟಿಗೆ ಹಾಕಿಕೊಂಡವರ ಧೈರ್ಯ ನೋಡಿ.

ಆದದ್ದಿಷ್ಟು. ದೊಡ್ಡಪ್ಪನ ಮೊಮ್ಮಗಳು ಓದುವ ಶಾಲೆಯ ಹುಡುಗರಿಬ್ಬರು ಬಸ್‌ಸ್ಟಾಪಿನಲ್ಲಿ ಸೋಡಾ ಬಾಟಲಿ ಒಡೆದುಕೊಂಡು ಹೊಡೆದಾಡಿದರು. ಊರು ಹೆದರಿತು. ಹೆಡ್‌ಮಾಸ್ಟರು, ಪೊಲೀಸ್ ಎಸ್.ಐ., ಧರ್ಮಪುರಿಯಿಂದ ಬರುವ ಕೌನ್ಸೆಲಿಂಗ್ ಮೇಡಂ, ಹೆತ್ತವರ ಕಡೆಯಿಂದ ಒಬ್ಬರು ಸೇರಿ ಒಂದು ಕಮಿಟಿ ಆಯಿತು. ಹೆತ್ತವರ ಕಡೆಯವರೆಲ್ಲ ಮಗ್ಗ ಬಿಟ್ಟು, ಹೊಲ ಬಿಟ್ಟು ಬರಲಾರರು. ಬಿಡಲು ಏನೂ ಇಲ್ಲದವರು ದೊಡ್ಡಪ್ಪ ಒಬ್ಬರೇ!

ಮೇಡಂ ಮೊದಲ ದಿನವೇ ಚೆನ್ನಾಗಿ ಹೇಳಿದರು. ಯಾವ ಮಗುವಾದರೂ ಯಾರನ್ನಾದರೂ ಹೆದರಿಸಿದರೆ, ಕೇಳಿದವರು ಬಂದು ಹೇಳಬೇಕು. ಕಮಿಟಿ ಕೂತು ವಿಚಾರಿಸಬೇಕು. ಅದು ಬರೀ ಸಿಟ್ಟಿನ ಮಾತೋ, ನಿಜಕ್ಕೂ ಮಾಡುವ ಯೋಚನೆಯೋ? ಆ ಮಗುವಿಗೆ ಏನು ನೋವಾಗಿದೆ? ಶಿಕ್ಷೆ ಆಮೇಲೆ, ಮೊದಲು ಕೈ ಹಿಡಿಯಬೇಕು. ದೊಡ್ಡಪ್ಪ ಇಷ್ಟೂ ಕೇಳಿಸಿಕೊಂಡು ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದ್ದು ಒಂದೇ ಮಾತು: "ಚೆಕಿಂಗ್ ಮಾಡ್ಬೇಕಂತೆ ಕಣೇ!"

ಮರುದಿನದಿಂದ ಶಾಲೆಯ ಗೇಟಿನಲ್ಲಿ ಚೆಕಿಂಗ್ ಶುರುವಾಯಿತು. ಒಬ್ಬ ನೇಕಾರರ ಹುಡುಗನ ಚೀಲದಲ್ಲಿ ಎರಡು ಕಡೆ ಕಬ್ಬಿಣದ ಮೊನೆಯಿರುವ ಏನೋ ಒಂದು ಸಿಕ್ಕಿತು. ವಿಸಿಲ್ ಊದಿದ್ದೇ ಊದಿದ್ದು! ಮಕ್ಕಳೆಲ್ಲ ಬೆಂಚಿನ ಕೆಳಗೆ, ಡ್ರಿಲ್ ಮಾಸ್ಟರು ಮೇಜಿನ ಕೆಳಗೆ. ಎಸ್.ಐ. ಜೀಪಿನಲ್ಲಿ ಬಂದು ನೋಡಿದರೆ ಅದು ಮಗ್ಗದ ಲಾಳಿ. ವಿಜ್ಞಾನ ಮೇಳಕ್ಕೆ ಹುಡುಗ ತಂದಿದ್ದ.

"ಪೆರಿಯವರೇ, ಇದರಿಂದ ಯಾರನ್ನು ಕೊಲ್ಲೋದು?" ಎಂದು ಎಸ್.ಐ. ತಮಿಳಿನಲ್ಲಿ ಕೇಳಿದರು.

"ನಮ್ ತಾತ, ನಮ್ ಅಪ್ಪ, ಇಬ್ರನ್ನೂ ಕೊಂದಿದ್ದು ಇದೇ ಸಾರ್" ಎಂದರು ದೊಡ್ಡಪ್ಪ. ಮಗ್ಗದ ಗುಳಿಯಲ್ಲೇ ಕೆಮ್ಮಿ ಕೆಮ್ಮಿ ಹೋದವರು ಅವರಿಬ್ಬರೂ. ಎಸ್.ಐ.ಗೆ ಅದೆಲ್ಲಿ ಅರ್ಥವಾಗಬೇಕು?

ಇನ್ನೊಂದು ದಿನ ಹುಡುಗಿಯೊಬ್ಬಳು ಮರದ ಕೆಳಗೆ ನಿಂತು "ಇವತ್ತು ನಿನ್ನ ತಲೆ ಉರುಳುತ್ತದೆ!" ಎಂದು ತಮಿಳಿನಲ್ಲಿ ಗರ್ಜಿಸುತ್ತಿದ್ದಳು. ಮತ್ತೆ ವಿಸಿಲ್, ಮತ್ತೆ ಜೀಪು. ಆಕೆ ನಾಟಕದ ಮಹಾರಾಣಿ! ತಲೆ ಉರುಳಬೇಕಾದ ಮಂತ್ರಿ ಪಕ್ಕದಲ್ಲೇ ಬೋಂಡಾ ತಿನ್ನುತ್ತ ಕೂತಿದ್ದ.

ಇಷ್ಟಾದ ಮೇಲೆ ದೊಡ್ಡಪ್ಪನ ಫೋನನ್ನು ಯಾರು ಎತ್ತುತ್ತಾರೆ? ಕಮಿಟಿಯೂ ಸೊರಗಿತು. ಎಸ್.ಐ.ಗೆ ವರ್ಗವಾಯಿತು; ಹೊಸಬರಿಗೆ ಕಮಿಟಿ ಇರುವುದೇ ಗೊತ್ತಿಲ್ಲ. ಮೇಡಂಗೆ ಇನ್ನಷ್ಟು ಶಾಲೆಗಳನ್ನು ಹೊರಿಸಿದರು. ಆಕೆ ಹೆರಿಗೆ ರಜೆಗೆ ಹೋದಾಗ ಆ ಜಾಗಕ್ಕೆ ಯಾರೂ ಬರಲಿಲ್ಲ. ಗೋಡೆಯ ಮೇಲೆ ಕಮಿಟಿಯ ಬೋರ್ಡು ಮಾತ್ರ ಉಳಿಯಿತು.

ಅದೇ ಹೊತ್ತಿಗೆ ಕಾರಿಮಂಗಲದ ಕಡೆಯ ಕುರುಬರ ಹುಡುಗನೊಬ್ಬ ಹನ್ನೊಂದನೇ ಕ್ಲಾಸಿಗೆ ಸೇರಿದ. ಇಲ್ಲಿ ಮಾವನ ಮನೆಯಲ್ಲಿದ್ದ. ಮಾತು ಕಡಿಮೆ, ಓದು ಪರವಾಗಿಲ್ಲ. ಅವನು ಕ್ಲಾಸಿಗೆ ಕಾಲಿಟ್ಟರೆ ಒಬ್ಬ "ಮ್ಯಾ..." ಎನ್ನುತ್ತಿದ್ದ. ಹಿಂದೆಯೇ ಇಡೀ ಕ್ಲಾಸು "ಮ್ಯಾ...". ಶುರು ಮಾಡುತ್ತಿದ್ದವನು ಅದೇ ಲಾಳಿಯ ಹುಡುಗ. ಇಬ್ಬರ ಮನೆಯಲ್ಲೂ ಕನ್ನಡವೇ, ಇಬ್ಬರೂ ತಾಯಿಯನ್ನು ಅವ್ವ ಎನ್ನುವವರೇ. ಆದರೂ ಒಬ್ಬನ ಬಾಯಿಗೆ ಇನ್ನೊಬ್ಬ ಬರೀ ಕುರಿ! ಮೇಷ್ಟರುಗಳೂ ಮುಸಿಮುಸಿ ನಗುತ್ತಿದ್ದರಂತೆ. ಮೊಮ್ಮಗಳು ಮನೆಗೆ ಬಂದು ಹೇಳುತ್ತಿದ್ದಳು.

ಒಂದು ಸಂಜೆ ಬಸ್ಸಿನಲ್ಲಿ ಆ ಹುಡುಗ ತನ್ನ ಮಾವನ ಮಗನಿಗೆ ಕನ್ನಡದಲ್ಲಿ ಹೇಳಿದ: "ನಾಳಿಕ್ ಅವ್ನೂ ಇರಾಕಿಲ್ಲ, ನಾನೂ ಇರಾಕಿಲ್ಲ." ಸುತ್ತ ಇದ್ದವರೆಲ್ಲ ತಮಿಳರು. ಹಿಂದಿನ ಸೀಟಿನಲ್ಲಿದ್ದ ದೊಡ್ಡಪ್ಪನಿಗೆ ಮಾತ್ರ ಅದು ಎದೆಗೆ ತಾಗಿತು. ಆ ದಿನ ಅವರು ವಿಸಿಲ್ ಊದಲಿಲ್ಲ. ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. "ಎದ್ದೇಳವ್ವಾ, ಸಾರ್ ಮನೇಗ್ ಓಗಾನ. ಓದ್ದೋಳು ನೀ ಬಂದ್ರೆ ನಂಬ್ತಾರೆ" ಎಂದರು.

ಹೋದೆವು. ಹೆಡ್‌ಮಾಸ್ಟರಿಗೆ ಕನ್ನಡ ಬಾರದು. ದೊಡ್ಡಪ್ಪ ಹುಡುಗನ ಮಾತನ್ನು ಹಾಗೆಯೇ ತಮಿಳಿಗೆ ತಿರುಗಿಸಿದರು: "ಅವನುಂ ಇರುಕ್ಕ ಮಾಟ್ಟಾನ್, ನಾನುಂ ಇರುಕ್ಕ ಮಾಟ್ಟೇನ್."

"ಅಂದರೆ ಇಬ್ಬರೂ ನಾಳೆ ಲೀವಾ?" ಎಂದರು ಹೆಡ್‌ಮಾಸ್ಟರು.

ನಗಬೇಕೋ ಅಳಬೇಕೋ ಹೇಳಿ! ನಾನು ಬಿಡಿಸಿ ಹೇಳಿದೆ. ಕ್ಲಾಸಿನ ಮ್ಯಾ ಮ್ಯಾ ಕೂಡ ಹೇಳಿದೆ. "ಇಬ್ಬರನ್ನೂ ಇವತ್ತೇ ಬೇರೆ ಬೇರೆ ಕೂರಿಸಿ ಮಾತಾಡಿಸಿ ಸಾರ್" ಎಂದು ದೊಡ್ಡಪ್ಪ ಕೈಮುಗಿದರು. ಹೆಡ್‌ಮಾಸ್ಟರು ನಕ್ಕು, "ಪೆರಿಯವರೇ, ಮತ್ತೆ ಲಾಳಿಯಾ? ಮುಂದಿನ ವಾರ ಮೀಟಿಂಗ್ ಕರೆಯೋಣ" ಎಂದರು. ಪೊಲೀಸ್ ಸ್ಟೇಷನ್ನಿನಲ್ಲಿ "ಏನಾದರೂ ಆದರೆ ಬನ್ನಿ" ಎಂದರು. ಆಗದಿರಲಿ ಅಂತಲೇ ಬಂದಿದ್ದೇವೆ ಸ್ವಾಮಿ! ಹುಡುಗನ ಮಾವನ ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ "ನಮ್ ಉಡ್ಗ ಅಂತೋನಲ್ಲ" ಎಂದು ಒಳಕ್ಕೆ ಬಿಡಲಿಲ್ಲ.

ಬೆಳಗ್ಗೆ ದೊಡ್ಡಪ್ಪ ಗೇಟಿನಲ್ಲಿ ಕಾದರು. ಹುಡುಗ ಹಿಂದಿನ ಗೋಡೆ ಹಾರಿ ಬಂದ. ಪ್ರಾರ್ಥನೆಗೆ ಸಾಲು ನಿಂತಿದ್ದಾಗ, ಕುರಿಗೆ ಸೊಪ್ಪು ಕಡಿಯುವ ಕತ್ತಿ ಬೀಸಿದ. ಲಾಳಿಯ ಹುಡುಗ ಮುಖಕ್ಕೆ ಬಲಗೈ ಅಡ್ಡ ಹಿಡಿದ. ಜೀವ ಉಳಿಯಿತು. ಆ ಕೈ ಇನ್ನು ಲಾಳಿ ಎಸೆಯುವುದಿಲ್ಲ. ಅದೇ ಕತ್ತಿಯನ್ನು ತನ್ನ ಕುತ್ತಿಗೆಗೆ ಎತ್ತಿದವನನ್ನು ದೊಡ್ಡಪ್ಪ ಓಡಿಹೋಗಿ ತಬ್ಬಿ ಕೆಡವಿಕೊಂಡರು. ಡ್ರಿಲ್ ಮಾಸ್ಟರು ಕತ್ತಿ ಕಿತ್ತುಕೊಂಡರು.

ಆಮೇಲೆ ಎಲ್ಲರೂ ಬಂದರು. ಟಿವಿಯವರು, ಸಾಹೇಬರು, ಮುಖಂಡರು. "ಮೊದಲೇ ಯಾರಿಗೂ ಗೊತ್ತಾಗಲಿಲ್ಲವೇ?" ಎಂದು ದೊಡ್ಡಪ್ಪನ ಮುಂದೆ ಮೈಕು ಹಿಡಿದರು. ಎಂದೂ ಬಾಯಿ ಮುಚ್ಚದ ಮನುಷ್ಯ ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನಡೆದುಬಿಟ್ಟರು. ಅವರು ಆಸ್ಪತ್ರೆಗೆ ಹೋದಾಗ, ಗಾಯವಾದವನ ತಾಯಿ "ನಿನ್ ಕಣ್ಣು ಎಲ್ಲಿ ಇಕ್ಕಿದ್ದೆ ಅಣ್ಣಾ?" ಎಂದು ಎದೆ ಬಡಿದುಕೊಂಡಳು. ಶಾಲೆಯವರು ಕಮಿಟಿಯ ಬೋರ್ಡಿಗೆ ಹೊಸ ಬಣ್ಣ ಬಳಿದರು.

ಕತ್ತಿ ಹಿಡಿದವನನ್ನು ಸೇಲಂನ ಬಾಲಮಂದಿರಕ್ಕೆ ಹಾಕಿದರು. ಅಪ್ಪನಿಗೆ ನಾಚಿಕೆ, ಮಾವನಿಗೆ ಭಯ. ಯಾರೂ ನೋಡಲು ಹೋಗುತ್ತಿರಲಿಲ್ಲ. ದೊಡ್ಡಪ್ಪ ಹೊರಟರು. ಜೊತೆಗೆ ನಾನು. ಹುಡುಗ ತಲೆ ಎತ್ತಲಿಲ್ಲ. ದೊಡ್ಡಪ್ಪ ಪಕ್ಕದಲ್ಲಿ ಕೂತು, "ನಿಮ್ಮೂರ್ಗೆ ಓಗಿದ್ದೆ ಕಣ್ಲಾ. ನಿಮ್ ಕುರಿ ಮರಿ ಆಕೈತೆ. ಎಲ್ಡು" ಎಂದರು.

ಹುಡುಗ ಮೊದಲ ಸಲ ಅವರ ಮುಖ ನೋಡಿದ.

"ಎಲ್ಡಾ? ಅದು ಎಲ್ಡಕ್ಕೂ ಆಲು ಕೊಡಾಕಿಲ್ಲ ತಾತಾ. ಒಂದನ್ನ ಒದೀತೈತೆ. ಒದಿಸ್ಕಂಡಿದ್ದನ್ನ ಎತ್ಕಂಡು, ತಾಯಿ ಕಾಲು ಇಡ್ಕಂಡು ಕುಡಿಸ್ಬೇಕು. ಇಲ್ದಿದ್ರೆ ಸತ್ತೋಯ್ತೈತೆ. ಅಪ್ಪಂಗೆ ಒಬ್ಬಂಗೆ ಆಗಾಕಿಲ್ಲ" ಎಂದು ಅಳತೊಡಗಿದ.

ದೊಡ್ಡಪ್ಪ ಅವನ ತಲೆಯ ಮೇಲೆ ಕೈಯಿಟ್ಟರು. "ಅಳಬ್ಯಾಡ ಮಗಾ. ನಾನ್ ಓಗಿ ಇಡ್ಕತೀನಿ."

ಕುರಿಯನ್ನು ಹುಟ್ಟಿದಾರಭ್ಯ ಮುಟ್ಟಿದವರಲ್ಲ ಅವರು! ಮರುದಿನ ಬೆಳಗ್ಗೆ ಕಾರಿಮಂಗಲದ ಬಸ್ಸು ಹತ್ತಿದರು.