ಬಂಗುಡೆಯ ಮೇಲೆ ಒಂದು ಲೋಟ ಹಾಲು

ಎಲ್ಲವನ್ನೂ ಅನುಮಾನಿಸುವುದೇ ವಿದ್ಯಾವಂತನ ಲಕ್ಷಣವೆಂದು ಧಾರವಾಡದಲ್ಲಿ ಅರ್ಥಶಾಸ್ತ್ರ ಓದುವಾಗ ಯಾರೋ ನನ್ನ ತಲೆಯಲ್ಲಿ ತುಂಬಿದರು. ಯಾರು ತುಂಬಿದರೆಂಬುದು ನೆನಪಿಲ್ಲ. ತುಂಬಿದ್ದು ನಿಜವೋ ಎಂಬುದೂ ಈಗ ಅನುಮಾನ. ದೇವರು, ಪಂಚಾಂಗ, ವೃತ್ತಪತ್ರಿಕೆ, ಹೆಂಡತಿ ಹೇಳುವ ತೆಂಗಿನಕಾಯಿಯ ದರ ಎಲ್ಲವನ್ನೂ ಅನುಮಾನಿಸುತ್ತ ಸುಖವಾಗಿದ್ದವನಿಗೆ, ಒಂದು ದಿನ ನನ್ನದೇ ಮೊಣಕೈ ಅನುಮಾನಕ್ಕೆ ಗುರಿಯಾದೀತೆಂದು ಹೊಳೆದಿರಲಿಲ್ಲ.

ಅರವತ್ತೊಂದೋ ಅರವತ್ತೆರಡೋ ಇರಬೇಕು. ನಾನು ಹೊನ್ನಾವರದಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸರಕಾರ ಪುಕ್ಕಟೆಯಾಗಿ ಪುಡಿಹಾಲು ಕೊಡಲು ಶುರುಮಾಡಿತ್ತು. ಸಂಜೆ ವಾಚನಾಲಯದಲ್ಲಿ ನಮಗೆ ಅದರದೇ ಚರ್ಚೆ. ಪುಕ್ಕಟೆ ಸಿಕ್ಕಿದ್ದನ್ನು ಜನ ಚೆಲ್ಲುತ್ತಾರೆ, ಲೋಟಕ್ಕಿಷ್ಟು ಎಂದು ವಸೂಲು ಮಾಡಬೇಕು ಎಂದು ಕೊಬ್ಬರಿ ವ್ಯಾಪಾರದ ಶೆಟ್ಟರ ವಾದ. ಶಾಲೆಯನ್ನು ಛತ್ರ ಮಾಡುವ ಬದಲು ಆ ಖರ್ಚಿನಲ್ಲಿ ಆಸ್ಪತ್ರೆಗೆ ಔಷಧ ತರಿಸಲಿ ಎಂದು ವಕೀಲರದು. ಹಸಿದ ಮಗುವಿಗೆ ಮಗ್ಗಿ ತಲೆಗೆ ಹತ್ತುವುದಿಲ್ಲ, ಹಾಲು ಕೊಟ್ಟು ನೋಡಿ, ಶಾಲೆ ತುಂಬುತ್ತದೆ ಎಂದು ನನ್ನದು. ಹಿಂದುಳಿದ ದೇಶಗಳೆಲ್ಲದರ ಭವಿಷ್ಯವನ್ನು ನಾವು ಮೂವರು ದಿನವೂ ದೀಪ ಹಚ್ಚುವುದರೊಳಗೆ ತೀರ್ಮಾನಿಸಿ ಮನೆಗೆ ಹೋಗುತ್ತಿದ್ದೆವು.

ಹೀಗಿರುವಾಗ ಹೊಳೆ ನಡುವಿನ ಮಾವಿನಕುರ್ವೆಯ ಶಾಲೆಯ ಗಣಪತಿ ಮಾಸ್ತರರು ದೋಣಿ ಇಳಿದು ನೇರವಾಗಿ ನನ್ನಲ್ಲಿಗೆ ಬಂದರು. ಅವರ ಶಾಲೆಯಲ್ಲಿ ಒಂದು ಮಗುವೂ ಹಾಲು ಮುಟ್ಟುತ್ತಿಲ್ಲವಂತೆ. ಎಲ್ಲಿ ಕುಡಿಸಿಬಿಡುತ್ತಾರೋ ಎಂದು ಹೆದರಿ, ಬರುತ್ತಿದ್ದ ಮಕ್ಕಳೂ ಶಾಲೆ ಬಿಡುತ್ತಿವೆಯಂತೆ. ಮೀನು ತಿಂದ ಹೊಟ್ಟೆಗೆ ಹಾಲು ಬಿದ್ದರೆ ಮೈಮೇಲೆ ತೊನ್ನು ಏಳುತ್ತದೆಂದು ತಾಯಂದಿರ ನಂಬಿಕೆ; ಆ ನಡುಗಡ್ಡೆಯಲ್ಲಿ ಮೀನಿಲ್ಲದ ಗಂಜಿಯೇ ಇಲ್ಲ. ಕುಡಿಯದಿದ್ದರೆ ಹಾಲಿನ ಚೀಲಗಳನ್ನು ಭಟ್ಕಳದ ಕಡೆಗೆ ಸಾಗಿಸುವುದಾಗಿ ಮೇಲಿನವರು ಹೇಳಿದ್ದಾರೆ. ಮಧ್ಯಾಹ್ನ ಗೋಡೆಗೊರಗಿ ಹಸಿವಿನಲ್ಲಿ ತೂಕಡಿಸುವ ಮಕ್ಕಳನ್ನು ನಾನೇ ಆ ಶಾಲೆಯಲ್ಲಿ ಕಂಡಿದ್ದೆ. ಚೀಲ ಹೋದರೆ ಮತ್ತೆ ಬರುವಂತಿರಲಿಲ್ಲ.

ನನ್ನೊಳಗಿನ ವಿಜ್ಞಾನಿ ಎದ್ದು ನಿಂತ. ಮರುದಿನವೇ ಕುರ್ವೆಗೆ ಹೋಗಿ, ತಾಯಂದಿರನ್ನೆಲ್ಲ ಶಾಲೆಯ ಜಗುಲಿಯಲ್ಲಿ ಕೂರಿಸಿ, ಅವರೆದುರು ಹುರಿದ ಬಂಗುಡೆ ಮೀನು ತಿಂದು ಮೇಲಿಂದ ದೊಡ್ಡ ಲೋಟ ಹಾಲು ಕುಡಿದೆ. ನೇಣಿಗೆ ಹೊರಟವನನ್ನು ನೋಡುವಂತೆ ಅವರು ನನ್ನನ್ನು ನೋಡಿದರು. ದೇವಕ್ಕ ಎಂಬ ಮೀನು ಮಾರುವ ಹೆಂಗಸು ಅವರಿಗೆಲ್ಲ ಮುಂದಾಳು. ಆಕೆ ಹೂಂ ಎಂದರೆ ಕುರ್ವೆಯೇ ಹೂಂ ಎಂದ ಹಾಗೆ.

"ಎಂಟು ದಿನ ಹೋಗ್ಲಿ ಮಾಸ್ತರೆ. ನಿಮ್ಮ ಮೈ ನೋಡ್ಕಂಡು ಹೇಳ್ತೆ" ಎಂದಳು.

ಇನ್ನೂ ಎಂಟು ದಿನ ಆಗಿರಲಿಲ್ಲ. ಬಚ್ಚಲಲ್ಲಿ ಮೈ ಒರೆಸಿಕೊಳ್ಳುತ್ತಿದ್ದೆ. ಮೊಣಕೈಯ ಮೇಲೊಂದು ಬಿಳಿ ಮಚ್ಚೆ. ಒರೆಸಿದೆ, ಹೋಗಲಿಲ್ಲ. ತಿಕ್ಕಿದೆ, ಇನ್ನೂ ಸ್ಪಷ್ಟವಾಯಿತು. ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಲ್ಲ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವನು ನಾನೇ. ಮಚ್ಚೆ ಮೊದಲೇ ಇತ್ತೆಂದು ಗೊತ್ತಾದರೆ ಸಾಕಿತ್ತು. ಆದರೆ ಇತ್ತೇ? ಮೂವತ್ತು ವರ್ಷ ಜೊತೆಗಿದ್ದ ಕೈಯನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಮದುವೆಯಲ್ಲೇ ಇತ್ತು ಎಂದಳು ಹೆಂಡತಿ. ತನ್ನ ಮಗನಿಗೆ ಅಂಥದ್ದೇನೂ ಇರಲಿಲ್ಲ ಎಂದಳು ಅಮ್ಮ, ಮದುವೆಯ ನಂತರವೇ ಬಂದಿರಬೇಕೆಂಬ ಧ್ವನಿಯಲ್ಲಿ. ಮದುವೆಯ ಫೋಟೋ ತೆಗೆದು ನೋಡಿದರೆ ಅದರಲ್ಲಿ ನಾನು ಕೋಟು ಹಾಕಿದ್ದೆ.

ಕುಮಟೆಗೆ ಹೋಗಿ ಡಾಕ್ಟರರಿಗೆ ತೋರಿಸಿದೆ. ಬರೀ ಚಿಬ್ಬು, ಬೆವರಿಗೆ ಬರುವಂಥದ್ದು, ಎಂದು ಅವರು ಮುಲಾಮು ಬರೆದುಕೊಟ್ಟರು. ಅವರು ಮೊಣಕೈ ನೋಡಿದ್ದು ಕಡಿಮೆ, ಹೊರಗಿನ ರೋಗಿಗಳ ಸಾಲು ನೋಡಿದ್ದು ಹೆಚ್ಚು ಎಂದು ನನಗನಿಸಿತು. ಅಂದಿನಿಂದ ತುಂಬು ತೋಳಿನ ಅಂಗಿ ತೊಟ್ಟೆ. ಹೊನ್ನಾವರದ ಸೆಕೆ, ಮೇಲೆ ತುಂಬು ತೋಳು. ಬೆವರು ಧಾರೆಯಾಗಿ ಇಳಿದು, ಒಂದಿದ್ದ ಮಚ್ಚೆ ಸಂಸಾರ ಹೂಡಿತು.

ದೇವಕ್ಕ ಹೇಳಿದ ದಿನ ಕುರ್ವೆಗೆ ಹೋಗಲೇಬೇಕಾಯಿತು. ಹೋಗದಿದ್ದರೆ ಮಾಸ್ತರಿಗೆ ತೊನ್ನು ಹತ್ತಿತೆಂದು ಊರೇ ಹೇಳುತ್ತಿತ್ತು. ಹೋಗಿ ತೋಳು ಮಡಚಿದರೆ ಕಣ್ಣಾರೆ ಕಾಣುತ್ತಿತ್ತು. ಎರಡು ದಾರಿಯಲ್ಲೂ ಹಾಲಿನ ಚೀಲ ಭಟ್ಕಳಕ್ಕೇ. ದೇವಕ್ಕನ ಮನೆಯಲ್ಲಿ ಆಗಷ್ಟೇ ಊಟ ಮುಗಿದಿತ್ತು, ಮೀನುಸಾರಿನ ಪರಿಮಳ ಇನ್ನೂ ಅಂಗಳದಲ್ಲಿತ್ತು. ನನ್ನನ್ನು ಕೂರಿಸಿ ಚಾ ಕೊಟ್ಟಳು. ತಾನೂ ಕುಡಿದಳು, ಸುತ್ತ ಸೇರಿದ ಹೆಂಗಸರೂ ಕುಡಿದರು, ಮಕ್ಕಳೂ ಬಸಿಯಲ್ಲಿ ಹೀರಿದವು. ನಾನು ನನ್ನ ಬಸಿಯನ್ನು ನೋಡಿದೆ. ಕೆನೆಗಟ್ಟಿದ ಹಾಲಿನ ಚಾ. ಬಚ್ಚಲಲ್ಲಿ ಆದದ್ದಕ್ಕಿಂತ ದೊಡ್ಡ ಆಘಾತ ನನಗಾಯಿತು.

"ದೇವಕ್ಕ, ಇದರಲ್ಲಿ ಹಾಲಿಲ್ಲವೇ?"

"ಹಾಲು ಹಾಕ್ದೆ ಚಾ ಹ್ಯಾಂಗೆ ಆಗ್ತದೆ?"

"ಮೀನು ಉಂಡವರು ನೀವೆಲ್ಲ."

"ಹಾಲು ಯಾರು ಕುಡಿದ್ರು ಮಾಸ್ತರೆ? ಇದು ಚಾ ಅಲ್ದ?" ಎಂದಳು, ಇಷ್ಟು ಓದಿದವನಿಗೆ ಇದೂ ತಿಳಿಯದೇ ಎಂಬ ಮರುಕದಿಂದ. ಬಸಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಅದಿರ್ಲಿ. ಸೆಕೆಯಲ್ಲಿ ಎಂತಕ್ಕೆ ಇಷ್ಟುದ್ದ ತೋಳು? ಸ್ವಲ್ಪ ಮಡಚಿ ನೋಡ್ವ."

ಆ ಕ್ಷಣದಲ್ಲಿ ನನ್ನ ಬಾಯಿಂದ ಹೊರಬಿದ್ದದ್ದು ಅರ್ಥಶಾಸ್ತ್ರವಲ್ಲ, ಪ್ರಾಣಭಯ. ಶಾಲೆಯಲ್ಲಿ ಇನ್ನು ಹಾಲೇ ಇಲ್ಲ, ನಾಳೆಯಿಂದ ಚಾ, ಎಂದುಬಿಟ್ಟೆ. ದೇವಕ್ಕ ನನ್ನ ತೋಳನ್ನು ಮರೆತು ಉಳಿದವರ ಮುಖ ನೋಡಿದಳು. ಚಾ ಆದ್ರೆ ಆತು, ಎಂದಳು.

ಮರುದಿನ ಗಣಪತಿ ಮಾಸ್ತರರು ಹಾಲಿನ ಹಂಡೆಗೆ ಬಣ್ಣ ಬರುವಷ್ಟೇ ಚಾ ಪುಡಿ ಉದುರಿಸಿದರು. ಮಕ್ಕಳು ಕುಡಿದು ಮತ್ತೆ ಲೋಟ ಚಾಚಿದವು. ಶಾಲೆ ಬಿಟ್ಟವೂ ತಿರುಗಿ ಬಂದವು. ಚೀಲಗಳು ಕುರ್ವೆಯಲ್ಲೇ ಉಳಿದವು. ಪರೀಕ್ಷಿಸಲು ಬಂದ ಅಧಿಕಾರಿ, ತಿಳಿವಳಿಕೆ ನೀಡಿದರೆ ಜನ ಮೂಢನಂಬಿಕೆ ಬಿಡುತ್ತಾರೆಂಬುದಕ್ಕೆ ಈ ಊರೇ ಸಾಕ್ಷಿ ಎಂದು ಭಾಷಣ ಮಾಡಿದರು. ಅಧ್ಯಕ್ಷತೆ ನನ್ನದು. ತುಂಬು ತೋಳಿನಲ್ಲೇ ಚಪ್ಪಾಳೆ ತಟ್ಟಿದೆ.

ಮುಲಾಮಿಗೆ ಮಚ್ಚೆಗಳೆಲ್ಲ ಹೋದವು. ಹಳೆಯದೊಂದು ಉಳಿದಿದೆ ಎನ್ನುತ್ತಾಳೆ ಹೆಂಡತಿ. ನನಗೆ ಕಾಣುವುದಿಲ್ಲ, ನೋಡುವುದೂ ಇಲ್ಲ. ಮೀನೂಟವಾದ ಮೇಲೆ ಒಮ್ಮೊಮ್ಮೆ ಅವಳು, ನನ್ನನ್ನು ಪರೀಕ್ಷಿಸಲೆಂದೇ ಇರಬೇಕು, ಒಂದು ಲೋಟ ಹಾಲು ತಂದು ಮುಂದಿಡುತ್ತಾಳೆ. ವೈಜ್ಞಾನಿಕವಾಗಿ ಅದರಲ್ಲಿ ಯಾವ ದೋಷವೂ ಇಲ್ಲವೆಂದು ವಿವರಿಸುತ್ತೇನೆ. ವಿವರಿಸಿ ಮುಗಿದ ಮೇಲೆ, ಒಂದು ಚಿಟಿಕೆ ಚಾ ಪುಡಿ ಹಾಕಿ ತಾ ಎನ್ನುತ್ತೇನೆ. ಬರೀ ರುಚಿಗೆ.